ರಾಕ್ ಸಂಗೀತದ ಆರಂಭದ ವರ್ಷಗಳಲ್ಲಿ ಅತಿ ಹೆಚ್ಚು ಪ್ರಭಾವ ಬೀರಿದ ಬೇಸ್ ವಾದಕರು ಯಾರು?

ಹಾಡಿನ ತಳದಲ್ಲಿ ಮಂದ್ರ ಸ್ವರಗಳನ್ನು ನುಡಿಸುವ ತಂತಿವಾದ್ಯ ಬೇಸ್ ಎಂದೊಡನೆ ಎಲ್ಲರೂ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಯವರ ಹೆಸರನ್ನೇ ಹೇಳುತ್ತಾರೆ, ಅವರಿಗಿಂತ ಮುಂಚೆ ಯಾರೂ ಇರಲಿಲ್ಲವೇ ಎಂದು ನೀವು ಕೇಳಿದ್ದೀರಿ. ಇದ್ದರು, ಆದರೆ ಅವರಲ್ಲಿ ಹೆಚ್ಚಿನವರು ಸ್ಟುಡಿಯೋದಲ್ಲಿ ಕೂಲಿಗೆ ನುಡಿಸುತ್ತಿದ್ದವರು, ಅವರ ಹೆಸರು ರೆಕಾರ್ಡಿನ ಹೊದಿಕೆಯ ಮೇಲೆ ಅಚ್ಚಾಗುತ್ತಿರಲಿಲ್ಲ. ಒಂದೇ ಹೆಸರು ಹೇಳಬೇಕೆಂದರೆ ನಾನು ಡೆಟ್ರಾಯಿಟ್‌ನ ಜೇಮ್ಸ್ ಜೇಮರ್ಸನ್ ಅವರ ಹೆಸರನ್ನು ಹೇಳುತ್ತೇನೆ. ಏಕೆ ಎಂಬುದು ತಿಳಿಯಬೇಕಾದರೆ ಅವರಿಗಿಂತ ಹಿಂದಿನವರು ಏನು ಮಾಡುತ್ತಿದ್ದರು ಎಂಬುದನ್ನು ಮೊದಲು ನೋಡಬೇಕು.

1954ರ ಜುಲೈನಲ್ಲಿ ಮೆಂಫಿಸ್‌ನ ಸನ್ ಸ್ಟುಡಿಯೋದಲ್ಲಿ ಎಲ್ವಿಸ್ ಪ್ರೀಸ್ಲಿ 'ದಟ್ಸ್ ಆಲ್ ರೈಟ್' ಹಾಡಿದಾಗ ಅಲ್ಲಿ ಡ್ರಮ್ ಇರಲೇ ಇಲ್ಲ. ಎಲ್ವಿಸ್ ಅವರ ಗಿಟಾರ್, ಸ್ಕಾಟಿ ಮೂರ್ ಅವರ ಗಿಟಾರ್, ಬಿಲ್ ಬ್ಲ್ಯಾಕ್ ಅವರ ಡಬಲ್ ಬೇಸ್ (ನಿಲ್ಲಿಸಿಕೊಂಡು ನುಡಿಸುವ, ದೊಡ್ಡ ಪಿಟೀಲಿನಂಥ ವಾದ್ಯ), ಇಷ್ಟೇ. ಬ್ಲ್ಯಾಕ್ ದಪ್ಪ ತಂತಿಯನ್ನು ಹಲಗೆಯಿಂದ ಎಳೆದು ಬಿಡುತ್ತಿದ್ದರು, ಅದು ಚಟ್ಟನೆ ಮರಕ್ಕೆ ಬಡಿಯುತ್ತಿತ್ತು, ನಡುವೆ ಅಂಗೈಯಿಂದಲೂ ತಟ್ಟುತ್ತಿದ್ದರು. ಹೀಗೆ ಸ್ವರವನ್ನೂ ತಾಳವನ್ನೂ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಇದು ಅವರು ಕಂಡುಹಿಡಿದ ವಿಧಾನವಲ್ಲ, ಜಾಝ್ ಮತ್ತು ಕಂಟ್ರಿ ವಾದಕರಲ್ಲಿ ಮೊದಲೇ ಬಳಕೆಯಲ್ಲಿತ್ತು. ಆದರೆ ರಾಕ್ ಮತ್ತು ಕಂಟ್ರಿ ಬೆರೆತ ರಾಕಬಿಲ್ಲಿ ಎಂಬ ಶೈಲಿಯ ಬಡಿತವನ್ನು ಜಗತ್ತು ಕಲಿತದ್ದು ಬಹುಪಾಲು ಅವರ ಕೈಯಿಂದಲೇ.

ಚಿಕಾಗೋದ ಚೆಸ್ ಎಂಬ ರೆಕಾರ್ಡ್ ಕಂಪನಿಯಲ್ಲಿ ಇದೇ ಕೆಲಸವನ್ನು ವಿಲ್ಲಿ ಡಿಕ್ಸನ್ ಮಾಡುತ್ತಿದ್ದರು. ಬಾಕ್ಸಿಂಗ್ ಆಡಿ ಬಂದಿದ್ದ ಈ ಭಾರೀ ಆಳನ್ನು ಬ್ಲೂಸ್ ಹಾಡುಗಳ ರಚನಕಾರರೆಂದೇ ಜನ ನೆನೆಯುತ್ತಾರೆ. ಚಕ್ ಬೆರ್ರಿಯವರ 1955ರ 'ಮೇಬಲೀನ್', 1958ರ 'ಜಾನಿ ಬಿ. ಗುಡ್' ಹಾಡುಗಳ ಅಡಿಯಲ್ಲಿ ನಡೆಯುವ ಡಬಲ್ ಬೇಸ್ ಅವರದ್ದೇ.

ಈ ನಡುವೆ ವಾದ್ಯವೇ ಬದಲಾಗುತ್ತಿತ್ತು. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1951ರಲ್ಲಿ ಪ್ರೆಸಿಷನ್ ಬೇಸ್ ಎಂಬ ಎಲೆಕ್ಟ್ರಿಕ್ ವಾದ್ಯವನ್ನು ಮಾರುಕಟ್ಟೆಗೆ ತಂದರು. ಗಿಟಾರಿನಂತೆ ಕೊರಳಿಗೆ ಹಾಕಿಕೊಳ್ಳಬಹುದಾಗಿತ್ತು, ಕೊರಳಹಲಗೆಯ ಮೇಲೆ ಮೆಟ್ಟಿಲುಗಳು (ಫ್ರೆಟ್‌ಗಳು) ಇದ್ದುದರಿಂದ ಸ್ವರಸ್ಥಾನ ತಪ್ಪುತ್ತಿರಲಿಲ್ಲ, ಆಂಪ್ಲಿಫೈಯರ್ ಇದ್ದುದರಿಂದ ಸಭಾಂಗಣದ ಕೊನೆಯವರೆಗೂ ಕೇಳಿಸುತ್ತಿತ್ತು. ಆದರೂ ಹಳಬರಿಗೆ ಅದು ಸುಲಭವಾಗಿ ಒಗ್ಗಲಿಲ್ಲ. 1957ರ ಒಂದು ಧ್ವನಿಮುದ್ರಣದಲ್ಲಿ ಹೊಸ ವಾದ್ಯ ಕೈಗೆ ಹತ್ತದೆ ಬಿಲ್ ಬ್ಲ್ಯಾಕ್ ಬೇಸತ್ತು ಬಿಟ್ಟುಕೊಟ್ಟಾಗ, ಎಲ್ವಿಸ್ ತಾವೇ ಅದನ್ನು ಎತ್ತಿಕೊಂಡು ನುಡಿಸಬೇಕಾಯಿತು.

ಜೇಮರ್ಸನ್ ಕೂಡ ಡಬಲ್ ಬೇಸ್‌ನಿಂದಲೇ ಬಂದವರು. 1936ರಲ್ಲಿ ದಕ್ಷಿಣ ಕ್ಯಾರೊಲಿನಾದ ಎಡಿಸ್ಟೋ ದ್ವೀಪದಲ್ಲಿ ಹುಟ್ಟಿ, ಹದಿಹರೆಯದಲ್ಲಿ ಡೆಟ್ರಾಯಿಟ್‌ಗೆ ಬಂದು, ಶಾಲೆಯಲ್ಲಿ ಡಬಲ್ ಬೇಸ್ ಕಲಿತು, ಜಾಝ್ ಕ್ಲಬ್‌ಗಳಲ್ಲಿ ಪಳಗಿ, ಮೋಟೌನ್ ರೆಕಾರ್ಡ್ ಕಂಪನಿಯ ನೆಲಮಾಳಿಗೆಯ ಸ್ಟುಡಿಯೋ ಸೇರಿದರು. ಎಲೆಕ್ಟ್ರಿಕ್ ಬೇಸ್ ಹಿಡಿದ ಮೇಲೂ ಹಳೆಯ ವಾದ್ಯದ ಅಭ್ಯಾಸಗಳನ್ನು ಅವರು ಬಿಡಲಿಲ್ಲ. ಬಲಗೈಯ ತೋರುಬೆರಳು ಒಂದರಿಂದಲೇ ಮೀಟುತ್ತಿದ್ದರು. 1962ರ ತಮ್ಮ ಪ್ರೆಸಿಷನ್ ಬೇಸ್‌ಗೆ ನಯವಾದ ಸುತ್ತಿನ ದಪ್ಪ ತಂತಿಗಳನ್ನು ಹಾಕಿ, ಹರಿಯುವವರೆಗೂ ಬದಲಾಯಿಸುತ್ತಲೇ ಇರಲಿಲ್ಲ. ನಾದ ಮೊಂಡಾಗಿ, ದುಂಡಾಗಿ, ತಕ್ಷಣ ನಿಲ್ಲುವಂತಿರಲು ಅದೂ ಒಂದು ಕಾರಣ.

ಅವರು ತಂದ ನಿಜವಾದ ಬದಲಾವಣೆ ನಾದದಲ್ಲಲ್ಲ, ನಡೆಯಲ್ಲಿ. ಅದುವರೆಗೆ ಬೇಸ್ ವಾದಕ ಕಾರ್ಡ್‌ನ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿನ) ಮೂಲಸ್ವರವನ್ನು ಹಿಡಿದು, ಪಂಚಮಕ್ಕೆ ಹೋಗಿ, ಮತ್ತೆ ಮೂಲಕ್ಕೆ ಬಂದರೆ ಸಾಕಿತ್ತು. ಜೇಮರ್ಸನ್ ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ಹೋಗುವಾಗ ನಡುವಿನ ಅರೆಸ್ವರಗಳನ್ನು ಮೆಟ್ಟಿಕೊಂಡು, ತೆರೆದ ತಂತಿಯನ್ನು ದಾರಿಯಲ್ಲಿ ತಾಗಿಸಿ, ಏಟಿಗೆ ಸ್ವಲ್ಪ ಮುಂಚೆಯೇ ಹೊರಟು, ಸರಿಯಾದ ಜಾಗಕ್ಕೆ ಬಂದು ಇಳಿಯುತ್ತಿದ್ದರು. ಸ್ಟೀವಿ ವಂಡರ್ ಅವರ 1968ರ 'ಫಾರ್ ಒನ್ಸ್ ಇನ್ ಮೈ ಲೈಫ್' ಕೇಳಿ: ಬೇಸ್ ಹೆಚ್ಚುಕಡಿಮೆ ಯಾವ ಆವರ್ತವನ್ನೂ ಇದ್ದಂತೆ ಮತ್ತೆ ನುಡಿಸುವುದಿಲ್ಲ, ಹಾಡಿನುದ್ದಕ್ಕೂ ತನ್ನದೇ ಇನ್ನೊಂದು ಹಾಡನ್ನು ಹಾಡುತ್ತದೆ, ಆದರೂ ಗಾಯಕನ ದನಿಯನ್ನು ಒಮ್ಮೆಯೂ ತುಳಿಯುವುದಿಲ್ಲ. ನಾನು ಎಷ್ಟೋ ವರ್ಷಗಳಿಂದ ಬೇಸ್ ನುಡಿಸುತ್ತಿದ್ದೇನೆ; ಸ್ವರಗಳನ್ನು ಬರೆದುಕೊಂಡು ಅಭ್ಯಾಸ ಮಾಡಬಹುದು, ಆ ಸಲೀಸು ಮಾತ್ರ ಬೆರಳಿಗೆ ಬರುವುದು ಬಹಳ ಕಷ್ಟ.

ಇದು ಸೋಲ್ ಸಂಗೀತ, ರಾಕ್ ಎಲ್ಲಿ ಬಂತು ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಮೆಕಾರ್ಟ್ನಿ, ಕ್ರೀಮ್ ತಂಡದ ಜ್ಯಾಕ್ ಬ್ರೂಸ್, ಲೆಡ್ ಝೆಪೆಲಿನ್‌ನ ಜಾನ್ ಪಾಲ್ ಜೋನ್ಸ್, ಈ ಮೂವರೂ ಜೇಮರ್ಸನ್ ಅವರ ಋಣವನ್ನು ಬಾಯಿಬಿಟ್ಟು ಹೇಳಿದ್ದಾರೆ. ಪ್ರಭಾವಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ. ಅವರು ನುಡಿಸುತ್ತಿದ್ದ ಕಾಲದಲ್ಲಿ ಮಾತ್ರ ಕೇಳುಗರಿಗೆ ಅವರ ಹೆಸರೇ ಗೊತ್ತಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಆಲ್ಬಮ್‌ನಲ್ಲಿ ಅದು ಅಚ್ಚಾಯಿತು. 1983ರಲ್ಲಿ, 47ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡದ್ದು 2000ದಲ್ಲಿ. ಈ ವಿಳಂಬ ನನಗೆ ಇಂದಿಗೂ ನೋವು ಕೊಡುತ್ತದೆ.

1960ರ ದಶಕದಲ್ಲೇ ಲಾಸ್ ಏಂಜಲೀಸ್‌ನಲ್ಲಿ ಕ್ಯಾರಲ್ ಕೇ ಇದ್ದರು. ಗಿಟಾರ್ ವಾದಕಿಯಾಗಿದ್ದ ಅವರು, 1963ರ ಸುಮಾರಿಗೆ ಒಂದು ಧ್ವನಿಮುದ್ರಣಕ್ಕೆ ಬೇಸ್ ವಾದಕ ಬಾರದೆ ಹೋದದ್ದರಿಂದ ಬೇಸ್ ಹಿಡಿದರು, ಮತ್ತೆ ಬಿಡಲಿಲ್ಲ. ಬೆರಳಿನ ಬದಲು ಪಿಕ್ ಎಂಬ ಸಣ್ಣ ಬಿಲ್ಲೆಯಿಂದ ಮೀಟಿ, ತಂತಿಯ ನಾದವನ್ನು ಸ್ವಲ್ಪ ಒತ್ತಿಹಿಡಿದು, ಪ್ರತಿ ಸ್ವರವೂ ಸ್ಪಷ್ಟವಾಗಿ ಕೇಳುವಂತೆ ಅವರು ನುಡಿಸುತ್ತಿದ್ದರು. ಬೀಚ್ ಬಾಯ್ಸ್ ತಂಡದ 1966ರ 'ಪೆಟ್ ಸೌಂಡ್ಸ್'ನ ಅನೇಕ ಹಾಡುಗಳಲ್ಲಿ ಅವರ ಬೇಸ್ ಇದೆ. ಸ್ವರಗಳ ಕಲ್ಪನೆ ಬಹುಪಾಲು ಬ್ರಯನ್ ವಿಲ್ಸನ್ ಅವರದು. ಮೆಂಫಿಸ್‌ನ ಸ್ಟ್ಯಾಕ್ಸ್ ಕಂಪನಿಯ ಡಕ್ ಡನ್ ಇದಕ್ಕೆ ವಿರುದ್ಧ ದಿಕ್ಕಿನವರು, ಕಡಿಮೆ ಸ್ವರಗಳಲ್ಲೇ ಹಾಡನ್ನು ಎತ್ತಿ ನಿಲ್ಲಿಸುವವರು.

ಮೆಕಾರ್ಟ್ನಿಯವರ ಹೆಚ್ಚುಗಾರಿಕೆ, ಈ ಎಲ್ಲವನ್ನೂ ಕೇಳಿಸಿಕೊಂಡು ಬೇಸ್ ಅನ್ನು ರಾಕ್ ತಂಡದ ಮುಂಭಾಗಕ್ಕೆ ತಂದದ್ದು. ಬೇಸ್ ಹೆಚ್ಚಾದರೆ ರೆಕಾರ್ಡಿನ ಮೇಲೆ ಸೂಜಿ ಜಿಗಿಯುತ್ತದೆ ಎಂಬ ಭಯದಿಂದ ಬ್ರಿಟನ್ನಿನ ಎಂಜಿನಿಯರ್‌ಗಳು ಅದನ್ನು ತಗ್ಗಿಸಿಯೇ ಇಡುತ್ತಿದ್ದರು. 1966ರ 'ಪೇಪರ್‌ಬ್ಯಾಕ್ ರೈಟರ್' ಧ್ವನಿಮುದ್ರಣದಲ್ಲಿ ಬೀಟಲ್ಸ್ ತಂಡದ ಎಂಜಿನಿಯರ್ ಜೆಫ್ ಎಮೆರಿಕ್ ಒಂದು ದೊಡ್ಡ ಲೌಡ್‌ಸ್ಪೀಕರನ್ನೇ ಮೈಕಿನಂತೆ ಬಳಸಿ ಬೇಸ್ ಹಿಡಿದರು. ಮರುವರ್ಷದ 'ಸಾರ್ಜೆಂಟ್ ಪೆಪ್ಪರ್' ಹೊತ್ತಿಗೆ ಮೆಕಾರ್ಟ್ನಿ ಅನೇಕ ಹಾಡುಗಳಿಗೆ, ಉಳಿದ ವಾದ್ಯಗಳೆಲ್ಲ ಮುಗಿದ ಮೇಲೆ, ಬೇಸ್ ಅನ್ನು ಬೇರೆಯಾಗಿ ಸೇರಿಸುತ್ತಿದ್ದರು. ಎಲ್ಲಿ ಜಾಗ ಖಾಲಿ ಇದೆ ಎಂಬುದು ಆಗ ಅವರಿಗೆ ಮೊದಲೇ ತಿಳಿದಿರುತ್ತಿತ್ತು. ದಿ ಹೂ ತಂಡದ ಜಾನ್ ಎಂಟ್‌ವಿಸಲ್ ಅವರನ್ನೂ ಬಿಡುವಂತಿಲ್ಲ, ಏಕೆಂದರೆ 1965ರ 'ಮೈ ಜನರೇಷನ್'ನಲ್ಲಿ ಗಿಟಾರ್ ನುಡಿಯಬೇಕಾದ ಜಾಗದಲ್ಲಿ ಬೇಸ್ ಒಂಟಿಯಾಗಿ ನುಡಿದದ್ದು ಅಂದಿನವರಿಗೆ ಹೊಸದು.

ಇವನ್ನು ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ. ಬೇಸ್‌ನ ದಪ್ಪ ತಂತಿಯ ತೆರೆದ ಸ್ವರ ಸುಮಾರು 41 ಹರ್ಟ್ಸ್, ಅಷ್ಟು ಕೆಳಗಿನ ನಾದವನ್ನು ಆ ಸಣ್ಣ ಸ್ಪೀಕರ್ ಕೊಡಲಾರದು. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು 'ದಟ್ಸ್ ಆಲ್ ರೈಟ್', 'ಜಾನಿ ಬಿ. ಗುಡ್', 'ಫಾರ್ ಒನ್ಸ್ ಇನ್ ಮೈ ಲೈಫ್', 'ಪೇಪರ್‌ಬ್ಯಾಕ್ ರೈಟರ್', ಈ ನಾಲ್ಕನ್ನು ಇದೇ ಕ್ರಮದಲ್ಲಿ ಕೇಳಿ. ಮೂರನೆಯದನ್ನು ಮಾತ್ರ ಎರಡು ಸಲ ಕೇಳಿ, ಎರಡನೇ ಸಲ ಗಾಯಕನ ದನಿಯನ್ನು ಬಿಟ್ಟು ಬೇಸ್ ಒಂದನ್ನೇ ಹಿಂಬಾಲಿಸಿ.