ಪ್ರತಿಭಟನೆಯಲ್ಲಿ ಹಾಡಿದರೆ ಏನು ಸಿಗುತ್ತದೆ?

ಪ್ರತಿಭಟನೆಯಲ್ಲಿ ಹಾಡು ಹೇಳುವುದು ಸುಮ್ನೆ ಹೊತ್ತು ಕಳೆಯೋದು ಅಲ್ವಾ ಅಂತ ಕೇಳಿದ್ದೀರಿ. ದಿನವಿಡೀ ಸುದ್ದಿ ನೋಡಿ ಪಾಠ ಓದಲು ಮನಸ್ಸೇ ಬರುವುದಿಲ್ಲ ಅಂತಲೂ ಬರೆದಿದ್ದೀರಿ.

ನಾನೂ ವಿದ್ಯಾರ್ಥಿಯೇ. ಹಾಡು ಖಂಡಿತ ಸುಮ್ನೆ ಅಲ್ಲ. ಯುರೋಪಿನ ಪುಟ್ಟ ದೇಶ ಎಸ್ಟೋನಿಯಾ ನೋಡಿ, ಸೋವಿಯತ್ ಆಡಳಿತದಲ್ಲಿ ಅಲ್ಲಿನವರ ಸ್ವಂತ ಬಾವುಟಕ್ಕೇ ನಿಷೇಧ ಇತ್ತು, ಆದರೂ 1988ರ ಬೇಸಿಗೆಯಲ್ಲಿ ಜನ ರಾತ್ರಿ ಹೊತ್ತು ರಾಜಧಾನಿ ಟಾಲಿನ್‌ನ ಹಾಡುಹಬ್ಬದ ಮೈದಾನದಲ್ಲಿ ಸೇರಿ, ಆ ಬಾವುಟ ಹಿಡಿದೇ ತಮ್ಮ ಭಾಷೆಯಲ್ಲಿ ಹಾಡಿದರು. ಈ ಹಾಡುಹಬ್ಬ ಎಸ್ಟೋನಿಯಾದಲ್ಲಿ 1869ರಲ್ಲೇ ಶುರುವಾಗಿದ್ದು, ಹಾಗಾಗಿ ಒಟ್ಟಿಗೆ ಹಾಡುವುದು ಅವರಿಗೆ ಹೊಸದಲ್ಲ. ಮರುವರ್ಷ ಆಗಸ್ಟ್ 23ರಂದು ಎಸ್ಟೋನಿಯಾ ಮತ್ತು ಸೋವಿಯತ್ ಆಡಳಿತದಲ್ಲೇ ಇದ್ದ ನೆರೆಯ ಲಾಟ್ವಿಯಾ, ಲಿಥುವೇನಿಯಾದ ಸುಮಾರು 20 ಲಕ್ಷ ಜನ ಸ್ವಾತಂತ್ರ್ಯ ಬೇಕೆಂದು 600 ಕಿ.ಮೀ.ಗೂ ಜಾಸ್ತಿ ಉದ್ದಕ್ಕೆ ಕೈ ಕೈ ಹಿಡಿದು ನಿಂತರು. 1991ರಲ್ಲಿ ಸ್ವಾತಂತ್ರ್ಯ ಮರಳಿ ಬಂತು. ಹಾಡೊಂದರಿಂದಲೇ ಬಂತು ಅನ್ನುವುದಿಲ್ಲ, ಮಾಸ್ಕೋದಲ್ಲಿ ಅಧಿಕಾರವೇ ಕುಸಿಯುತ್ತಿತ್ತು. ಆದರೆ ಪಕ್ಕದವರೂ ನನ್ನ ಹಾಗೇ ಯೋಚಿಸುತ್ತಿದ್ದಾರೆ ಅಂತ ಗೊತ್ತಾದಾಗ ಭಯ ಕಡಿಮೆಯಾಗುತ್ತದೆ. ಅದನ್ನು ಹಾಡು ಬೇಗ ಗೊತ್ತು ಮಾಡಿಸುತ್ತದೆ.

ಸುದ್ದಿಯನ್ನು ನಾನು ಬೆಳಿಗ್ಗೆ ಅರ್ಧ ಗಂಟೆ ಓದುತ್ತೇನೆ, ಆಮೇಲೆ ಮೊಬೈಲ್ ಬದಿಗಿಡುತ್ತೇನೆ. ಗೆಳೆಯರು ಕರೆದರೆ ನೀವೂ ಒಮ್ಮೆ ಹೋಗಿ ಬನ್ನಿ. ಹಾಡಲು ಬಾರದಿದ್ದರೂ ಪರವಾಗಿಲ್ಲ, ಚಪ್ಪಾಳೆ ತಟ್ಟಿ.