ಅಮೆರಿಕದಿಂದ ಬಂದ ಹಳೆ ರೆಕಾರ್ಡ್ ಪ್ಲೇಯರ್‌ನಲ್ಲಿ ಹಾಡು ಎಳೆಯುತ್ತದೆ, ಬಲಗಡೆ ಸ್ಪೀಕರ್ ಮಾತಾಡುವುದಿಲ್ಲ. ಕಾರ್ಟ್ರಿಜ್ (ಮುಳ್ಳು ಕೂರುವ ಸಣ್ಣ ಡಬ್ಬಿ) ಬದಲಿಸಲೇ?

ಈಗಲೇ ಬದಲಿಸಬೇಡಿ. ನಿಮ್ಮ ಎರಡೂ ತೊಂದರೆಗೆ ಕಾರಣ ಬೇರೆ ಬೇರೆ ಇರಬಹುದು. ಹಾಡು ಎಳೆಯುವುದಕ್ಕೂ ಕಾರ್ಟ್ರಿಜ್‌ಗೂ ಸಂಬಂಧವೇ ಇಲ್ಲ.

110 ವೋಲ್ಟ್ ಟ್ರಾನ್ಸ್‌ಫಾರ್ಮರ್ ಇಟ್ಟು ಓಡಿಸುತ್ತಿದ್ದೀನಿ ಅಂತ ಬರೆದಿದ್ದೀರಿ. ಗುಟ್ಟು ಅಲ್ಲೇ ಇದೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಜ್ (ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಆಡುತ್ತದೆ ಅನ್ನುವ ಲೆಕ್ಕ) ಬದಲಿಸುವುದಿಲ್ಲ. ಅಲ್ಲಿಯ ಕರೆಂಟು 60 ಹರ್ಟ್ಜ್, ನಮ್ಮದು 50. ಹಳೆ ಎಸಿ ಮೋಟಾರು ಹರ್ಟ್ಜ್ ನೋಡಿಕೊಂಡೇ ತಿರುಗುತ್ತದೆ. ಹೀಗೆ ಪರೀಕ್ಷೆ ಮಾಡಿ: ತಟ್ಟೆಯ ಲೇಬಲ್ ಮೇಲೆ ಒಂದು ಚೂರು ಕಾಗದ ಇಡಿ, ಮೊಬೈಲ್‌ನಲ್ಲಿ 3 ನಿಮಿಷ ಹಾಕಿ, ಸುತ್ತು ಎಣಿಸಿ. ಎಲ್‌ಪಿಗೆ (ನಿಮಿಷಕ್ಕೆ 33 ಚಿಲ್ಲರೆ ಸುತ್ತು ತಿರುಗುವ ದೊಡ್ಡ ತಟ್ಟೆ) ಸರಿಯಾಗಿ 100 ಸುತ್ತು ಬರಬೇಕು. 83ರ ಹತ್ತಿರ ಬಂದರೆ ಹರ್ಟ್ಜ್‌ದೇ ಕಾಟ. 95, 97 ಬಂದು ಜೊತೆಗೆ ಸ್ವರ ಅಲುಗಾಡುತ್ತಿದ್ದರೆ ಬೆಲ್ಟ್ ಸಡಿಲ ಆಗಿದೆ, ಇಲ್ಲವೇ ತಿರುಗುವ ಕಂಬಿಯ ಬುಡದಲ್ಲಿ ಎಣ್ಣೆ ಒಣಗಿದೆ. ಹಳೆ ಎಣ್ಣೆ ಒರೆಸಿ ಹೊಲಿಗೆ ಮಷೀನ್ ಎಣ್ಣೆ ಎರಡು ಹನಿ ಬಿಡಿ. ಕೊಬ್ಬರಿ ಎಣ್ಣೆ ಮಾತ್ರ ಬೇಡ, ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ.

ನನ್ನದೂ ಅಲ್ಲಿಂದಲೇ ಬಂದ ಬೆಲ್ಟ್ ಪ್ಲೇಯರ್. 83 ಸುತ್ತು ಬರುತ್ತಿತ್ತು. 50 ಹರ್ಟ್ಜ್‌ಗೆ ಹೊಂದುವ ಪುಲ್ಲಿ (ಮೋಟಾರಿನ ತುದಿಯಲ್ಲಿ ಬೆಲ್ಟ್ ತಿರುಗಿಸುವ ಸಣ್ಣ ಗಾಲಿ) ಎಲ್ಲೂ ಸಿಗಲಿಲ್ಲ. ಕೊನೆಗೆ ತುಮಕೂರಿನ ಅಂತರಸನಹಳ್ಳಿಯಲ್ಲಿ ಒಂದು ಲೇತ್ ಅಂಗಡಿಗೆ ಹಳೆ ಪುಲ್ಲಿ ಹಿಡಿದುಕೊಂಡು ಹೋದೆ. ಲೆಕ್ಕ ಸುಲಭ: 60ನ್ನು 50ರಿಂದ ಭಾಗಿಸಿದರೆ 1.2. ಅಂದರೆ 10 ಮಿಲಿಮೀಟರ್ ಇರುವ ಕಡೆ 12 ಇರಬೇಕು. ಪುಲ್ಲಿಯಲ್ಲಿ 33ರ ವೇಗಕ್ಕೆ ಒಂದು ಮೆಟ್ಟಿಲು, 45ರ ವೇಗಕ್ಕೆ ಒಂದು ಮೆಟ್ಟಿಲು, ಎರಡಕ್ಕೂ ಇದೇ ಲೆಕ್ಕ. ಹಿತ್ತಾಳೆಯಲ್ಲಿ ಕಡೆಸಿದೆ. ಮೊದಲನೆಯದರಲ್ಲಿ ತೂತು ಕೂದಲೆಳೆಯಷ್ಟು ಆಚೀಚೆ ಆಗಿ ಪಿಟೀಲಿನ ಸ್ವರ ತೂಗಾಡುತ್ತಿತ್ತು. ಎರಡನೆಯದು ಸರಿಯಾಗಿ ಕೂತಿತು. ಬೆಲ್ಟ್ ಕೂರುವ ಜಾಗ ನಡುವೆ ಸ್ವಲ್ಪ ಉಬ್ಬಿರಬೇಕು, ಇಲ್ಲದಿದ್ದರೆ ಬೆಲ್ಟ್ ಜಾರುತ್ತದೆ. ಇದನ್ನು ಲೇತ್‌ನವರಿಗೆ ಮೊದಲೇ ಹೇಳಿ.

ಇನ್ನು ಬಲಗಡೆ ಸ್ಪೀಕರ್. ಪ್ಲಗ್ ಕಿತ್ತು, ಕಾರ್ಟ್ರಿಜ್ ಹಿಂದಿನ ನಾಲ್ಕು ಸಣ್ಣ ವೈರ್ ನೋಡಿ. ಬಿಳಿ, ನೀಲಿ ಎಡಕ್ಕೆ, ಕೆಂಪು, ಹಸಿರು ಬಲಕ್ಕೆ. ಬಿಳಿಯ ಜಾಗಕ್ಕೆ ಕೆಂಪು, ನೀಲಿಯ ಜಾಗಕ್ಕೆ ಹಸಿರು ಹಾಕಿ, ಕೆಂಪಿನ ಜಾಗಕ್ಕೆ ಬಿಳಿ, ಹಸಿರಿನ ಜಾಗಕ್ಕೆ ನೀಲಿ. ಈಗ ಎಡ ಸ್ಪೀಕರ್ ಸುಮ್ಮನಾದರೆ ಕಾರ್ಟ್ರಿಜ್ ಕೆಟ್ಟಿದೆ. ಬಲವೇ ಸುಮ್ಮನಿದ್ದರೆ ವೈರಿನಲ್ಲೋ ಆಂಪ್ಲಿಫೈಯರ್‌ನಲ್ಲೋ ತೊಂದರೆ. ಕಾರ್ಟ್ರಿಜ್‌ಗೆ ನೇರವಾಗಿ ಬೆಸುಗೆ ಮಾತ್ರ ಹಾಕಬೇಡಿ, ಬಿಸಿಗೆ ಒಳಗಿನ ಸುರುಳಿ ಹೋಗುತ್ತದೆ.

ದುಡ್ಡು ಹಾಕುವುದಾದರೆ ಮೊದಲು ಮುಳ್ಳಿಗೆ ಹಾಕಿ. ಇದನ್ನು ನಾನು ನೋವಿನಿಂದಲೇ ಹೇಳುತ್ತಿದ್ದೇನೆ. ಪ್ಲೇಯರ್ ಜೊತೆ ಬಂದ ಮುಳ್ಳಿನಲ್ಲೇ ಎರಡು ತಿಂಗಳು ಅಪ್ಪನ ಎಲ್‌ಪಿ ಹಾಕಿದೆ. ಸ, ಶ ಬಂದಲ್ಲೆಲ್ಲ ಒರಟು ಸದ್ದು. ಹೊಸ ಮುಳ್ಳು ಹಾಕಿದ ಮೇಲೂ ಅದು ಹೋಗಲಿಲ್ಲ, ಗೆರೆಯೇ ಸವೆದಿತ್ತು. ಅಪ್ಪ ಮೂವತ್ತು ವರ್ಷ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ತಟ್ಟೆ ಅದು. ಯಾರು ಎಷ್ಟು ಓಡಿಸಿದ ಮುಳ್ಳೋ ನಮಗೆ ಗೊತ್ತಿರುವುದಿಲ್ಲ, ಅಲ್ವಾ? ಹೊಸದು ಹಾಕಿ, ಅದರ ಪೊಟ್ಟಣದ ಮೇಲೆ ಎಷ್ಟು ಗ್ರಾಂ ಅಂತ ಇದೆಯೋ ಅಷ್ಟೇ ಭಾರ ಇಡಿ. ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಭಾರ ಕಡಿಮೆ ಇಟ್ಟರೆ ಒಳ್ಳೆಯದು ಅನ್ನುವುದು ತಪ್ಪು, ಮುಳ್ಳು ಗೆರೆಯಲ್ಲಿ ಕುಣಿದು ಜಾಸ್ತಿ ಕೆರೆಯುತ್ತದೆ.

ಅಜ್ಜಿ ಮನೆಯ ನಾಟಕದ ಹಾಡಿನ 78ರ ತಟ್ಟೆಗಳನ್ನೂ ಹಾಕಬೇಕು ಅಂದಿದ್ದೀರಿ. ಗುಬ್ಬಿ ಕಂಪನಿಯ ಜಿಲ್ಲೆಯವನು ನಾನು, ಅದನ್ನು ಓದಿ ತುಂಬಾ ಖುಷಿಯಾಯಿತು. ಆದರೆ ಎಲ್‌ಪಿ ಮುಳ್ಳಿನಲ್ಲಿ ಹಾಕಬೇಡಿ. ಅವುಗಳ ಗೆರೆ ಅಗಲ, 78ರ ಮುಳ್ಳೇ ಬೇರೆ ಸಿಗುತ್ತದೆ. ಪ್ಲೇಯರ್‌ನಲ್ಲಿ 78ರ ವೇಗ ಇದೆಯೇ ಅಂತಲೂ ನೋಡಿಕೊಳ್ಳಿ. ಅವು ಅರಗಿನ ತಟ್ಟೆ, ಸ್ಪಿರಿಟ್ ತಾಗಿದರೆ ಕರಗುತ್ತವೆ. ಒದ್ದೆ ಮೆತ್ತನೆ ಬಟ್ಟೆಯಲ್ಲಿ ಗೆರೆಯ ಗುಂಟ ಒರೆಸಿ, ಲೇಬಲ್ ನೆನೆಯದಂತೆ ನೋಡಿಕೊಂಡು ನೆರಳಲ್ಲಿ ಒಣಗಿಸಿ.