ಆ್ಯಪಿನ್ ಕಣಿವೆಯ ಪಕ್ಕದಲ್ಲಿ ಮನೆ ಹಿಡಿದವರಿಗೆ

ತಂಗಿ, ನಮಸ್ಕಾರ. ನಿಮ್ಮ ಪತ್ರ ಬಂದು ಹತ್ತು ದಿನವಾಯಿತು. ಮನೆ ಬಾಡಿಗೆ, ಮೆಡಿಕೇರ್ ಕಾರ್ಡು, ಕಾರು ಓಡಿಸುವ ಲೈಸೆನ್ಸು ಇವುಗಳ ಬಗ್ಗೆ ನೀವು ಕೇಳಿದ್ದಕ್ಕೆಲ್ಲ ನನ್ನ ಮನೆಯವಳು ಫೋನಿನಲ್ಲೇ ಉತ್ತರ ಹೇಳಿದ್ದಾಳೆ. ಕೊನೆಯ ಪ್ರಶ್ನೆಗೆ ಮಾತ್ರ ನಾನೇ ಕೂತು ಬರೆಯಬೇಕೆಂದು ಉಳಿಸಿಕೊಂಡೆ. ಮಗಳ ಶಾಲೆಯಲ್ಲಿ ಪ್ರತಿ ಸಭೆಯೂ ಈ ನೆಲದ ಮೂಲನಿವಾಸಿಗಳಾದ ಧರಾವಲ್ ಜನರಿಗೆ ಗೌರವ ಸಲ್ಲಿಸಿಯೇ ಆರಂಭವಾಗುತ್ತದೆ ಎಂದೂ, ಜನವರಿ 26ರಂದು ನೀವು ಆಸ್ಟ್ರೇಲಿಯಾ ದಿನದ ಶುಭಾಶಯ ಹೇಳಿದಾಗ ಕಚೇರಿಯ ಸಹೋದ್ಯೋಗಿಯೊಬ್ಬರು ಮಾತನಾಡದೆ ಎದ್ದುಹೋದರೆಂದೂ ಬರೆದಿದ್ದೀರಿ. ಇಲ್ಲಿ ಅಂಥದ್ದೇನು ನಡೆದಿದೆ, ಮಗಳು ಕೇಳಿದರೆ ಏನು ಹೇಳಲಿ, ಮೊನ್ನೆ ಮೊನ್ನೆ ಬಂದ ನಮಗೂ ಅದಕ್ಕೂ ಏನು ಸಂಬಂಧ ಎಂಬುದು ನಿಮ್ಮ ಪ್ರಶ್ನೆ.

ನಡೆದದ್ದು ನಿಮ್ಮ ಮನೆಯಿಂದ ದೂರವೇನಲ್ಲ. ನೀವು ಮನೆ ಹಿಡಿದಿರುವ, ಸಿಡ್ನಿಯ ಹೊರವಲಯದ ಆ್ಯಪಿನ್‌ನ ಹೊಸ ಬಡಾವಣೆಯಿಂದ ಕೆಲವೇ ಕಿಲೋಮೀಟರು ಹೋದರೆ ಕ್ಯಾಟರಾಕ್ಟ್ ನದಿ ಕೊರೆದ ಆಳವಾದ ಕಣಿವೆ ಸಿಗುತ್ತದೆ. 1816ರ ಏಪ್ರಿಲ್ 17ರಂದು, ಇನ್ನೂ ಬೆಳಕು ಹರಿಯುವ ಮೊದಲೇ, ಕ್ಯಾಪ್ಟನ್ ಜೇಮ್ಸ್ ವಾಲಿಸ್ ಎಂಬ ಬ್ರಿಟಿಷ್ ಅಧಿಕಾರಿಯ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದ ಮೂಲನಿವಾಸಿ ಜನರ ಮೇಲೆ ಬಿದ್ದರು. ಗುಂಪು ಎಲ್ಲಿದೆ ಎಂಬುದು ಗೊತ್ತಾದದ್ದು ಒಂದು ಮಗು ಅತ್ತ ಸದ್ದಿನಿಂದ ಎಂದು ವಾಲಿಸನೇ ತನ್ನ ವರದಿಯಲ್ಲಿ ಬರೆದಿದ್ದಾನೆ. ನಾಯಿಗಳು ಬೊಗಳಿದವು, ಜನ ಎದ್ದು ಓಡಿದರು, ಬೆಳದಿಂಗಳಲ್ಲಿ ಬಂದೂಕುಗಳು ಹಾರಿದವು. ಓಡಿದವರ ಮುಂದೆ ಇದ್ದದ್ದು ಪ್ರಪಾತ. ಗುಂಡು ತಗುಲಿ ಸತ್ತವರು ಕೆಲವರಾದರೆ, ಬಂಡೆಯಂಚಿನಿಂದ ಕೆಳಗೆ ಬಿದ್ದು ಸತ್ತವರು ಕೆಲವರು. ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ವಾಲಿಸ್ ಎಣಿಸಿದ್ದು ಹದಿನಾಲ್ಕು ಹೆಣಗಳನ್ನು. ಕಣಿವೆಯ ತಳದಲ್ಲಿದ್ದವರನ್ನು ಯಾರೂ ಇಳಿದು ಎಣಿಸಲಿಲ್ಲ. ಉಳಿದು ಸೆರೆಯಾದವರು ಇಬ್ಬರು ಹೆಂಗಸರು ಮತ್ತು ಮೂವರು ಮಕ್ಕಳು.

ಇದು ಸೈನಿಕರು ಕೈಮೀರಿ ಮಾಡಿದ ಕೃತ್ಯವಲ್ಲ. ಆ ಕಾಲದಲ್ಲಿ ಬರಗಾಲವಿತ್ತು; ನದಿಯ ದಡದ ಫಲವತ್ತಾದ ನೆಲವನ್ನೆಲ್ಲ ವಲಸಿಗರು ಮುಸುಕಿನ ಜೋಳದ ಹೊಲ ಮಾಡಿಕೊಂಡಿದ್ದರು; ತಲೆತಲಾಂತರದಿಂದ ಅಲ್ಲೇ ಗೆಡ್ಡೆ ಅಗೆದು, ಮೀನು ಹಿಡಿದು ಬದುಕಿದವರು ಹೊಲಕ್ಕೆ ಇಳಿದರೆ ಗುಂಡು ಬೀಳುತ್ತಿತ್ತು, ಅದಕ್ಕೆ ಪ್ರತಿಯಾಗಿ ವಲಸಿಗರ ಕೊಲೆಗಳೂ ಆದವು. ಆಗ ಗವರ್ನರ್ ಲಾಕ್ಲನ್ ಮ್ಯಾಕ್ವಾರಿ ಮೂರು ಸೇನಾ ತುಕಡಿಗಳನ್ನು ಕಳುಹಿಸಿದ. ಎದುರಿಸಿದ ಗಂಡಸರನ್ನು ಕೊಂದು, ಉಳಿದವರಲ್ಲಿ ಭಯ ಹುಟ್ಟುವಂತೆ ಹೆಣಗಳನ್ನು ಮರಕ್ಕೆ ನೇತುಹಾಕಬೇಕೆಂದು ಆಜ್ಞೆ ಕೊಟ್ಟ. ಕನ್ನಬೇಗಲ್ ಎಂಬ ಮುಖಂಡನ ಹೆಣವನ್ನು ಹಾಗೆಯೇ ಗುಡ್ಡದ ಮೇಲೆ ತೂಗುಹಾಕಿದರು. ಅನಂತರ ಆತನ ತಲೆಬುರುಡೆ ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೋಯಿತು. ಈ ದೇಶಕ್ಕೆ ಹಿಂದಿರುಗಿದ್ದು 1991ರಲ್ಲಿ. ಹಿಂದಿರುಗಿ ನೆಲೆಸಿದ್ದೂ ತನ್ನ ಕಣಿವೆಯಲ್ಲಲ್ಲ, ಕ್ಯಾನ್ಬೆರಾದಲ್ಲಿ.

ಮ್ಯಾಕ್ವಾರಿಯ ಹೆಸರು ನಿಮಗೆ ಈಗಾಗಲೇ ಪರಿಚಿತ. ಇಲ್ಲಿ ಆ ಹೆಸರಿನ ಬೀದಿ ಇದೆ, ವಿಶ್ವವಿದ್ಯಾಲಯ ಇದೆ, ನದಿ ಇದೆ, ಊರಿದೆ. ನಾನೂ ಮೊದಲ ಆರೇಳು ವರ್ಷ ಅದನ್ನು ಬರಿಯ ವಿಳಾಸವೆಂದೇ ತಿಳಿದಿದ್ದೆ. ನನ್ನೂರು ಪಾಂಡವಪುರದ ಹತ್ತಿರ. ಚಿಕ್ಕಂದಿನಲ್ಲಿ ಶ್ರೀರಂಗಪಟ್ಟಣದ ಕೋಟೆ ಒಡೆದ ಜಾಗದಲ್ಲಿ ನಿಂತು, 1799ರ ಮೇ 4ರಂದು ಇಂಗ್ಲಿಷರು ಒಳನುಗ್ಗಿದ್ದು ಇಲ್ಲೇ ಎಂದು ಅಪ್ಪ ಹೇಳಿದ್ದನ್ನು ಕೇಳಿ ಬೆಳೆದವನು. ಆ ದಂಡಿನಲ್ಲಿ ಮ್ಯಾಕ್ವಾರಿಯೂ ಇದ್ದ, 1792ರ ಮುತ್ತಿಗೆಯಲ್ಲೂ ಇದ್ದ, ಪಟ್ಟಣದ ಲೂಟಿಯ ಹಣದಲ್ಲಿ ಅವನಿಗೂ ಪಾಲು ಸಿಕ್ಕಿತ್ತು ಎಂಬುದು ನನಗೆ ತಿಳಿದದ್ದು ಸಿಡ್ನಿಯ ಗ್ರಂಥಾಲಯವೊಂದರಲ್ಲಿ. ಅಂದು ಸಂಜೆ ಮನೆಗೆ ಬಂದು ಊಟ ಮಾಡಲು ಮನಸ್ಸಾಗಲಿಲ್ಲ. ಕಾವೇರಿ ದಡದಿಂದ ಹೊರಟ ಆ ಮನುಷ್ಯ ಹದಿನೇಳು ವರ್ಷಗಳ ಬಳಿಕ ಈ ಕಣಿವೆಗೆ ಸೈನಿಕರನ್ನು ಕಳುಹಿಸಿದ. ಆ ಕಾವೇರಿ ದಡದವನೇ ಆದ ನಾನು ಇಲ್ಲಿಗೆ ಬಂದು ನೆಲೆ ನಿಂತಿದ್ದೇನೆ. ಸಂಬಂಧವೇನು ಎಂದು ನೀವು ಕೇಳಿದಾಗ ನನಗೆ ಮೊದಲು ನೆನಪಾಗುವುದು ಇದೇ.

ಆ್ಯಪಿನ್ ಒಂದೇ ಆಗಿದ್ದರೆ ಇದನ್ನು ಊರೊಂದರ ದುರಂತವೆಂದು ಹೇಳಿ ಮುಗಿಸಬಹುದಿತ್ತು. ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ಇತಿಹಾಸಕಾರ್ತಿ ಲಿಂಡಲ್ ರಯಾನ್ ಅವರ ನೇತೃತ್ವದ ತಂಡ ಒಂದೇ ಘಟನೆಯಲ್ಲಿ ಆರು ಅಥವಾ ಹೆಚ್ಚು ಜನ ಸತ್ತ ಸ್ಥಳಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ದಾಖಲೆಗಳನ್ನು ತಾಳೆ ನೋಡಿ ಒಂದು ನಕ್ಷೆ ಮಾಡಿತು. 2017ರಿಂದ ಅದು ಅಂತರ್ಜಾಲದಲ್ಲಿದೆ. 1788ರಿಂದ 1930ರವರೆಗಿನ ಅವಧಿಯಲ್ಲಿ 400ಕ್ಕೂ ಹೆಚ್ಚು ಸ್ಥಳಗಳು, ಸತ್ತ ಮೂಲನಿವಾಸಿಗಳು 10 ಸಾವಿರಕ್ಕೂ ಹೆಚ್ಚು. ವಲಸಿಗರು ಸತ್ತ ಘಟನೆಗಳೂ ಅದರಲ್ಲಿವೆ: 1861ರಲ್ಲಿ ಕ್ವೀನ್ಸ್‌ಲ್ಯಾಂಡಿನ ಕಲಿನ್ ಲಾ ರಿಂಗೋ ಎಂಬಲ್ಲಿ ಹತ್ತೊಂಬತ್ತು ಬಿಳಿಯರು ಹತರಾದರು. ಅದಕ್ಕೆ ಪ್ರತೀಕಾರವಾಗಿ ನಡೆದ ಬೇಟೆಯಲ್ಲಿ ಬಲಿಯಾದವರು ಅದರ ಹಲವು ಪಟ್ಟು. ಟಾಸ್ಮೇನಿಯಾದಲ್ಲಿ 1830ರಲ್ಲಿ ಸೈನಿಕರು, ವಲಸಿಗರು ಸೇರಿ ಸುಮಾರು 2,200 ಜನರನ್ನು ಸಾಲಾಗಿ ನಿಲ್ಲಿಸಿ, ಕಾಡುಪ್ರಾಣಿಗಳನ್ನು ಸೋಹುವಂತೆ, ದ್ವೀಪದ ಮೂಲೆಗೆ ಮೂಲನಿವಾಸಿಗಳನ್ನು ಅಟ್ಟುವ ಕಾರ್ಯಾಚರಣೆಯೇ ನಡೆಯಿತು. ಆ ನಕ್ಷೆಯನ್ನು ಮಗಳ ಮುಂದೆ ಈಗಲೇ ತೆರೆಯಬೇಡಿ. ನೀವು ಮಾತ್ರ ಒಮ್ಮೆ ನೋಡಿ.

ನನ್ನ ಮಗನಿಗೆ ನಾನು ಮೊದಲು ಹೇಳಿದ್ದು ಮಯಾಲ್ ಕ್ರೀಕ್ ಕಥೆಯನ್ನು, ಏಕೆಂದರೆ ಅದರಲ್ಲಿ ಬಾಯಿ ಬಿಟ್ಟವರಿದ್ದಾರೆ. ಈ ನ್ಯೂ ಸೌತ್ ವೇಲ್ಸ್ ರಾಜ್ಯದ ಉತ್ತರಕ್ಕೆ, ಬಿಂಗಾರಾ ಊರಿನ ಬಳಿ, ಒಂದು ಸ್ಟೇಷನ್ನಿನಲ್ಲಿ, ಎಂದರೆ ದನಕುರಿ ಸಾಕುವ ದೊಡ್ಡ ಜಮೀನಿನಲ್ಲಿ, ವಿರ್ರಾಯರಾಯ್ ಜನರ ಗುಂಪೊಂದು ಕೆಲವು ವಾರಗಳಿಂದ ಕೆಲಸದಾಳುಗಳ ಜೊತೆ ಸ್ನೇಹದಿಂದಲೇ ಬೀಡುಬಿಟ್ಟಿತ್ತು. 1838ರ ಜೂನ್ 10ರಂದು ಹನ್ನೆರಡು ಜನ ಕುದುರೆಯೇರಿ ಬಂದರು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು ಆಗಿದ್ದ ಕನಿಷ್ಠ ಇಪ್ಪತ್ತೆಂಟು ಜನರನ್ನು ಒಂದೇ ಹಗ್ಗಕ್ಕೆ ಕಟ್ಟಿ ಗುಡ್ಡದಾಚೆ ಕರೆದೊಯ್ದರು. ಗುಡಿಸಲು ಕಾಯುತ್ತಿದ್ದ ಜಾರ್ಜ್ ಆ್ಯಂಡರ್ಸನ್ ಎಂಬ ಕೈದಿಗೆ ಕೇಳಿಸಿದ್ದು ಎರಡೇ ಗುಂಡಿನ ಸದ್ದು. ಉಳಿದದ್ದು ಕತ್ತಿಯಿಂದ ನಡೆಯಿತು. ಆಮೇಲೆ ಕೊಂದವರೇ ಬಂದು ಹೆಣಗಳನ್ನು ಸುಟ್ಟರು. ಸ್ಟೇಷನ್ನಿನ ಮೇಲ್ವಿಚಾರಕ ವಿಲಿಯಂ ಹಾಬ್ಸ್ ಊರಿಗೆ ಮರಳಿ, ಸುಟ್ಟ ಜಾಗವನ್ನು ನೋಡಿ, ಸರ್ಕಾರಕ್ಕೆ ತಿಳಿಸಿದ. ಆ್ಯಂಡರ್ಸನ್ ಕೋರ್ಟಿನಲ್ಲಿ ನಿಂತು ಕಂಡದ್ದನ್ನೆಲ್ಲ ಹೇಳಿದ. ಮೊದಲ ವಿಚಾರಣೆಯಲ್ಲಿ ಜೂರಿ ಹನ್ನೊಂದು ಜನರನ್ನೂ ಬಿಟ್ಟಿತು. ಅಟಾರ್ನಿ ಜನರಲ್ ಜಾನ್ ಪ್ಲಂಕೆಟ್ ಅಷ್ಟಕ್ಕೆ ಬಿಡದೆ ಎರಡನೆಯ ಸಲ ಕಟಕಟೆಗೆ ತಂದು ಏಳು ಜನರಿಗೆ ಶಿಕ್ಷೆಯಾಗುವಂತೆ ಮಾಡಿದರು. ಡಿಸೆಂಬರ್ 18ರಂದು ಅವರಿಗೆ ಗಲ್ಲಾಯಿತು. ಗುಂಪಿನ ಮುಂದಾಳು ಜಾನ್ ಫ್ಲೆಮಿಂಗ್ ಮಾತ್ರ ಕೊನೆಯವರೆಗೂ ಸಿಗಲಿಲ್ಲ. ಅವನು ಉಳಿದವರಂತೆ ಕೈದಿಯಾಗಿ ಬಂದವನಲ್ಲ, ಜಮೀನ್ದಾರರ ಮನೆತನದವನು.

ಈ ತೀರ್ಪಿನಿಂದ ಕೊಲೆ ನಿಂತಿತೆಂದು ನಾನು ಮಗನಿಗೆ ಹೇಳಲಿಲ್ಲ, ನೀವೂ ಹೇಳಬೇಡಿ. ಕೊಂದವರು ಬಾಯಿ ಮುಚ್ಚಿಕೊಳ್ಳುವುದನ್ನು ಕಲಿತರು, ಅಷ್ಟೆ. ನಮ್ಮ ಅಜ್ಜಂದಿರ ಕಾಲದವರೆಗೂ ಇದು ಮುಂದುವರಿಯಿತು. 1928ರಲ್ಲಿ ದೇಶದ ನಡುಭಾಗದ ಕಾನಿಸ್ಟನ್‌ನಲ್ಲಿ ಒಬ್ಬ ಬಿಳಿಯನ ಕೊಲೆಯ ನೆಪದಲ್ಲಿ ಪೊಲೀಸ್ ಪೇದೆ ಜಾರ್ಜ್ ಮರೆ ಮತ್ತು ಅವನ ಜೊತೆಗಾರರು ವಾರಗಟ್ಟಲೆ ಸುತ್ತಿ ಕೊಂದದ್ದು ಸರ್ಕಾರಿ ಲೆಕ್ಕದಲ್ಲೇ ಮೂವತ್ತೊಂದು ಜನರನ್ನು. ವಾರ್ಲ್‌ಪಿರಿ ಜನರ ನೆನಪಿನ ಲೆಕ್ಕ ಅದಕ್ಕಿಂತ ಬಹಳ ದೊಡ್ಡದು. ವಿಚಾರಣಾ ಮಂಡಳಿ ಅಷ್ಟೂ ಕೊಲೆಗಳನ್ನು ಸರಿಯೆಂದಿತು. ಆ ಪ್ರದೇಶದ ಪೊಲೀಸ್ ಆಯುಕ್ತರು ಕ್ಷಮೆ ಕೇಳಿದ್ದು ತೊಂಬತ್ತು ವರ್ಷಗಳ ಬಳಿಕ, 2018ರಲ್ಲಿ.

ಜನವರಿ 26ರ ವಿಷಯಕ್ಕೆ ಬರುತ್ತೇನೆ. ನಮಗೆ ಅದು ಗಣರಾಜ್ಯೋತ್ಸವದ ದಿನ. ಧ್ವಜ, ಸಿಹಿ, ಸಂಭ್ರಮ ನೆನಪಾಗುವುದು ಸಹಜ. ಇಲ್ಲಿ ಅದು 1788ರಲ್ಲಿ ಬ್ರಿಟಿಷ್ ಹಡಗುಗಳ ಜನ ಸಿಡ್ನಿಯ ದಡದಲ್ಲಿ ಧ್ವಜ ಊರಿದ ದಿನ. 1838ರಲ್ಲಿ ಅದೇ ತಾರೀಖಿನಂದು ವಾಟರ್‌ಲೂ ಕ್ರೀಕ್‌ನಲ್ಲಿ ಮೇಜರ್ ನನ್ ಎಂಬ ಅಧಿಕಾರಿಯ ಕುದುರೆ ಪೊಲೀಸರು ಕಮಿಲರಾಯ್ ಜನರನ್ನು ಕೊಂದರು. 1938ರಲ್ಲಿ, ನೂರೈವತ್ತನೆಯ ವರ್ಷದ ಮೆರವಣಿಗೆ ಬೀದಿಯಲ್ಲಿ ಸಾಗಿದ್ದ ದಿನವೇ, ಮೂಲನಿವಾಸಿ ಮುಖಂಡರು ಸಿಡ್ನಿಯಲ್ಲಿ ಸಭೆ ಸೇರಿ ಅದನ್ನು ಶೋಕದಿನವೆಂದು ಕರೆದರು. ನಿಮ್ಮ ಸಹೋದ್ಯೋಗಿ ಎದ್ದುಹೋದದ್ದು ನಿಮ್ಮ ಮೇಲಿನ ಸಿಟ್ಟಿನಿಂದಲ್ಲ. ಸಾವಿನ ಮನೆಯಲ್ಲಿ ಯಾರೋ ಅರಿಯದೆ ಶುಭಾಶಯ ಹೇಳಿದಂತಾಯಿತು ಅವರಿಗೆ. ಸಮಯ ನೋಡಿ, 'ನನಗೆ ತಿಳಿದಿರಲಿಲ್ಲ, ಕ್ಷಮಿಸಿ' ಎಂದರೆ ಸಾಕು; ಅವರ ಮನೆತನದಲ್ಲಿ ಏನಾಗಿತ್ತೆಂದು ಮಾತ್ರ ಕೆದಕಬೇಡಿ. ಮುಂದೆ ನಿಮಗೆ ಪೌರತ್ವ ಬಂದಾಗ ಪ್ರಮಾಣವಚನಕ್ಕೆ ಜನವರಿ 26ನ್ನೇ ಆರಿಸಬೇಕೆಂದಿಲ್ಲ. ನಾವು ಬೇರೆ ದಿನ ಕೇಳಿ ಪಡೆದೆವು.

ಯುಗಾದಿ ಕೂಟದಲ್ಲಿ ಈ ಮಾತು ಬಂದರೆ, 'ಅದು ಬಿಳಿಯರ ಪಾಪ, ನಾವು ತೆರಿಗೆ ಕಟ್ಟಿ ಬದುಕುವವರು, ನಮಗೇಕೆ' ಎನ್ನುವವರು ನಿಮಗೆ ಸಿಗುತ್ತಾರೆ. ಒಳ್ಳೆಯವರೇ, ನನ್ನ ಸ್ನೇಹಿತರೇ. ನಾನೂ ಒಂದು ಕಾಲಕ್ಕೆ ಹಾಗೆಯೇ ಅನ್ನುತ್ತಿದ್ದೆ. ನಮ್ಮನ್ನೂ ಈ ದೇಶ 1901ರ ವಲಸೆ ಕಾಯ್ದೆಯ ಬಲದಿಂದ ಬಣ್ಣ ನೋಡಿ ಬಹುಕಾಲ ಹೊರಗಿಟ್ಟಿತ್ತು ಎಂಬುದೂ ನಿಜ. ಆ ನೀತಿ ಪೂರ್ತಿಯಾಗಿ ಹೋದದ್ದು 1973ರಲ್ಲಿ. ಆದರೆ ನಾವು ಈಗ ಕೊಳ್ಳುವ ಸೈಟು, ಕಟ್ಟುವ ಮನೆ ಆ ನೆಲದ್ದೇ. ಯಾರದೂ ಅಲ್ಲದ ನೆಲವೆಂಬ ಸುಳ್ಳಿನ ಮೇಲೆ ಬರೆದ ಪತ್ರಗಳು ಕೈಯಿಂದ ಕೈಗೆ ಬದಲಾಗಿ ನಮ್ಮ ಕೈಗೆ ಬಂದಿವೆ. ಆ ಸುಳ್ಳನ್ನು ಇಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟೇ 1992ರ ಮಾಬೋ ತೀರ್ಪಿನಲ್ಲಿ ತಳ್ಳಿಹಾಕಿದೆ. ಕೊಂದವರು ನಾವಲ್ಲ, ಒಪ್ಪಿದೆ. ಅದರಿಂದ ಸಿಕ್ಕಿದ್ದನ್ನು ಅನುಭವಿಸುವವರಲ್ಲಿ ನಾವೂ ಇದ್ದೇವೆ. 2023ರ ಅಕ್ಟೋಬರಿನಲ್ಲಿ ಮೂಲನಿವಾಸಿಗಳ ‘ಧ್ವನಿ’ ಎಂಬ ಸಲಹಾ ಮಂಡಳಿಗೆ ಸಂವಿಧಾನದಲ್ಲಿ ಸ್ಥಾನ ಕೊಡುವ ಜನಮತಗಣನೆ ನಡೆದು, ಸುಮಾರು ನೂರಕ್ಕೆ ಅರವತ್ತು ಜನ ಬೇಡವೆಂದರು. ಆ ಓಟು ನಮ್ಮ ಕೈಯಲ್ಲೂ ಇತ್ತು.

ಮಗಳಿಗೆ ಸದ್ಯಕ್ಕೆ ಇಷ್ಟು ಹೇಳಿದರೆ ಸಾಕು: ಈ ಊರಲ್ಲಿ ನಮಗಿಂತ ಸಾವಿರಾರು ವರ್ಷ ಮೊದಲಿನಿಂದ ಇದ್ದವರು ಧರಾವಲ್ ಜನ, ಅವರಿಗೆ ಇಲ್ಲಿ ಬಹಳ ಅನ್ಯಾಯವಾಯಿತು, ಅವರ ಮಕ್ಕಳು ಮೊಮ್ಮಕ್ಕಳು ಈಗಲೂ ಇದ್ದಾರೆ, ನಿನ್ನ ತರಗತಿಯಲ್ಲೂ ಇರಬಹುದು. ಈ ಕೊನೆಯ ಮಾತನ್ನು ಬಿಡಬೇಡಿ. ಎಲ್ಲರೂ ಸತ್ತುಹೋದರೆಂದು ಹೇಳಿ ಕಥೆ ಮುಗಿಸುವ ಅಭ್ಯಾಸ ಈ ದೇಶದಲ್ಲಿ ಬಹುಕಾಲ ಇತ್ತು.

ಪ್ರತಿವರ್ಷ ಏಪ್ರಿಲ್‌ನಲ್ಲಿ ಕ್ಯಾಟರಾಕ್ಟ್ ಅಣೆಕಟ್ಟಿನ ಬಳಿ ಸತ್ತವರ ಸ್ಮರಣೆ ನಡೆಯುತ್ತದೆ. ಅಲ್ಲಿ ಒಂದು ಕಲ್ಲು, ಅದರ ಮೇಲೊಂದು ಫಲಕ, ಸುತ್ತ ನೀಲಗಿರಿ ಮರಗಳು, ದೊಡ್ಡ ಸ್ಮಾರಕವೇನಲ್ಲ. ಹಸಿ ಎಲೆಗಳನ್ನು ಕೆಂಡದ ಮೇಲಿಟ್ಟು ಹೊಗೆ ಎಬ್ಬಿಸುತ್ತಾರೆ, ಬಂದವರೆಲ್ಲ ಆ ಹೊಗೆಯ ನಡುವೆ ಹಾದುಹೋಗುತ್ತಾರೆ. ನಾನು ಮೊದಲ ಸಲ ಹೋದಾಗ ಹಿಂದೆ, ಕಾರುಗಳ ಬಳಿಯೇ ನಿಂತಿದ್ದೆ. ಒಬ್ಬ ಧರಾವಲ್ ಅಜ್ಜಿ ಬಂದು ಕೈ ಹಿಡಿದು ಹೊಗೆಯ ಹತ್ತಿರ ಕರೆದೊಯ್ದು, ಎಲ್ಲಿಯವನೆಂದು ಕೇಳಿದರು. ಊರಿನ ಹೆಸರು ಹೇಳಿದೆ. ಅವರು ಅದನ್ನು ಎರಡು ಸಲ ಉಚ್ಚರಿಸಿ, ಸರಿಯಾಯಿತೇ ಎಂದು ಕೇಳಿ, ತಮ್ಮ ನದಿಯ ಹೆಸರನ್ನು ಹೇಳಿ, ನನ್ನಿಂದಲೂ ಸರಿಯಾಗಿ ಹೇಳಿಸಿದರು.

ಮುಂದಿನ ಏಪ್ರಿಲ್‌ನಲ್ಲಿ ನೀವೂ ಬನ್ನಿ. ನಾವು ಬೆಳಗ್ಗೆ ನಿಮ್ಮ ಮನೆಗೇ ಬರುತ್ತೇವೆ, ನನ್ನ ಮನೆಯವಳು ಚಿತ್ರಾನ್ನ ತರುತ್ತಾಳೆ. ಆ್ಯಪಿನ್ ರಸ್ತೆಯಲ್ಲಿ ಕೋಆಲಾಗಳು ದಾಟುತ್ತವೆ, ಆದ್ದರಿಂದ ನಿಧಾನವಾಗಿಯೇ ಹೋಗೋಣ. ಮಗಳಿಗೆ ಗಟ್ಟಿ ಬೂಟು ಹಾಕಿಸಿ. ಕಣಿವೆಯ ಕಡೆ ನಡೆಯುವಾಗ ಅವಳ ಕೈ ಮಾತ್ರ ಬಿಡಬೇಡಿ.